ಮಲ್ಲಿಗೆ ಹಳದಿ, ದಾಸವಾಳ ಕಪ್ಪು, ಬಸಳೆಗೆ ಬೊಟ್ಟು: ಎಂತ ಮಾಡುವುದು?

ಮಂಗಳೂರಿನ ಕುಲಶೇಖರದಿಂದ ಕೇಳಿದ್ದು:
ನಮ್ಮದು ಎಂಟು ಸೆಂಟ್ಸ್ ಜಾಗ. ಎದುರು ನಾಲ್ಕು ಮಲ್ಲಿಗೆ, ತೆಂಗಿನ ಮರದಡಿ ಎರಡು ದಾಸವಾಳ, ಹಿಂದೆ ಬಸಳೆ ಚಪ್ಪರ, ಬಾವಿಕಟ್ಟೆ ಹತ್ತಿರ ಬೇವಿನ ಸೊಪ್ಪಿನ (ಒಗ್ಗರಣೆಯ ಕರಿಬೇವು) ಗಿಡ. ಮಳೆ ಹೋಗಿ ಎರಡು ತಿಂಗಳಾಯ್ತು, ಈಗ ಒಂದೂ ನೆಟ್ಟಗಿಲ್ಲ. ಮಲ್ಲಿಗೆ ಎಲೆ ಹಳದಿ. ದಾಸವಾಳದ ಎಲೆಗೆ ಯಾರೋ ಮಸಿ ಬಳಿದ ಹಾಗೆ ಉಂಟು. ಬಸಳೆಯಲ್ಲಿ ಕೆಂಪು ಬೊಟ್ಟು. ಬೇವಿನ ಗಿಡದಲ್ಲಿ ಅರ್ಧ ಎಲೆಯೇ ಇಲ್ಲ. ಒಂದು ಅಂಗಡಿಗೆ ಹೋಗಿ ಹೇಳಿದೆ, ಅವರು ಒಂದೇ ಬಾಟ್ಲಿ ಕೊಟ್ಟು ಎಲ್ಲದಕ್ಕೂ ಹೊಡೀರಿ ಅಂದರು. ಮೂರು ಸಲ ಹೊಡೆದೆ, ಕಾಸು ಹೋದದ್ದು ಮಾತ್ರ. ಅನುಭವ ಇದ್ದವರು ದಯವಿಟ್ಟು ಹೇಳಿ, ಮಂಡೆಬಿಸಿ ಆಗಿದೆ.

ಬಿಕರ್ನಕಟ್ಟೆಯಿಂದ:
ನಮ್ಮ ಮಣ್ಣು ಹುಳಿ ಅಲ್ವಾ ಅಕ್ಕ. ಬುಡಕ್ಕೆ ಎರಡು ಗೆರಟೆ (ತೆಂಗಿನ ಚಿಪ್ಪು) ಸುಣ್ಣ, ಮೇಲಿಂದ ಬಚ್ಚಲೊಲೆಯ ಬೂದಿ. ಹಳದಿಯೆಲ್ಲ ಹೋಗ್ತದೆ. ನಾವು ಮಾಡುವುದು ಅದೇ.

ಬ್ರಹ್ಮಾವರದಿಂದ:
ಸುಣ್ಣಕ್ಕೆ ಸ್ವಲ್ಪ ತಡೀರಿ. ಮೊದಲು ಎರಡು ಪ್ರಶ್ನೆ. ಹಳದಿ ಆಗಿರುವುದು ಕೆಳಗಿನ ಹಳೆ ಎಲೆಯಾ, ತುದಿಯ ಚಿಗುರಾ? ಹಳದಿಯ ನಡುವೆ ನರ ಹಸಿರು ಉಳಿದಿದೆಯಾ? ನಾನು ಶಾಲೆ ಮಾಸ್ಟ್ರಾಗಿ ರಿಟೈರ್ ಆದವ, ಪ್ರಶ್ನೆ ಕೇಳದೆ ಉತ್ತರ ಹೇಳಿ ಅಭ್ಯಾಸ ಇಲ್ಲ.

ಅಷ್ಟರಲ್ಲಿ ದಾಸವಾಳದ್ದು ಹೇಳ್ತೇನೆ, ಅದು ನೋಡದೆಯೇ ಗೊತ್ತಾಗ್ತದೆ. ತೆಂಗಿನ ಮರದಡಿ ಅಂದಿರಲ್ಲ, ಅಲ್ಲೇ ಉಂಟು ಉತ್ತರ. ರೋಗ ದಾಸವಾಳದ್ದಲ್ಲ. ಒಂದು ಮಡಲು ಎಳೆದು ಗರಿಯ ಅಡಿಭಾಗ ನೋಡಿ. ಬಿಳಿ ಮೇಣದಲ್ಲಿ ಸುರುಳಿ ಸುರುಳಿಯಾಗಿ ರಂಗೋಲಿ ಹಾಕಿದ ಹಾಗೆ ಕಂಡರೆ ಅದು ಸುರುಳಿ ಬಿಳಿನೊಣ. ನಮ್ಮ ದೇಶದಲ್ಲಿ 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡದ್ದು, ಆಮೇಲೆ ಕರಾವಳಿಗೂ ಬಂತು. ಅದು ರಸ ಹೀರಿ ಸಕ್ಕರೆ ನೀರಿನ ಹಾಗಿರುವ ಅಂಟು ಬಿಡ್ತದೆ. ಆ ಅಂಟು ಕೆಳಗಿನ ಗಿಡದ ಮೇಲೆ ಬೀಳ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೀತದೆ. ಬೂಷ್ಟು ಎಲೆಯೊಳಗೆ ಇಳಿಯುವುದಿಲ್ಲ, ಬಿಸಿಲು ತಡೀತದೆ ಅಷ್ಟೇ. ಉಗುರಲ್ಲಿ ಕೆರೆದರೆ ಅಡಿಯಲ್ಲಿ ಹಸಿರು ಕಾಣ್ತದೆ, ಈಗಲೇ ಕೆರೆದು ನೋಡಿ.

ಔಷಧಿ ಬೇಡ. ಒಂದು ಲೀಟರ್ ನೀರಿಗೆ 10 ಗ್ರಾಂ ಮೈದಾ ಹಾಕಿ, ಗಂಟಾಗದ ಹಾಗೆ ಕಾಯಿಸಿ, ತಣಿಸಿ, ಸೋಸಿ ಬೆಳಿಗ್ಗೆ ಎಲೆಗೆ ಹೊಡೀರಿ. ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಸಿಪ್ಪೆ ಏಳ್ತದೆ, ಕಪ್ಪೂ ಅದರ ಜೊತೆ ಬರ್ತದೆ. ನಾನು ಒಮ್ಮೆ ಗಂಜಿತೆಳಿಯಲ್ಲೇ ಮಾಡಿದೆ, ಉಪ್ಪು ಹಾಕದ್ದು ಆಯ್ತಾ. ಕೆಲಸ ಆಯ್ತು, ಆದರೆ ಇರುವೆ ಸಾಲುಗಟ್ಟಿ ಬಂದವು. ಮರದ ಮೇಲಿನ ನೊಣಕ್ಕೆ ವಿಷ ಹೊಡೆಸ್ಬೇಡಿ. ಅದರ ಮರಿಯೊಳಗೆ ಮೊಟ್ಟೆ ಇಡುವ ಒಂದು ಕಣಜ ಉಂಟು, ಎನ್‌ಕಾರ್ಸಿಯಾ ಅಂತ, ಕಣ್ಣಿಗೆ ಬೀಳದಷ್ಟು ಸಣ್ಣದು. ವಿಷಕ್ಕೆ ಮೊದಲು ಸಾಯುವುದು ಅದು. ನೀವು ಮೂರು ಸಲ ಹೊಡೆದದ್ದಕ್ಕೆ ಎಷ್ಟು ಸತ್ತವೋ.

ಕುಲಶೇಖರದಿಂದ:
ಮಾಸ್ಟ್ರೇ, ಕೆರೆದೆ! ಅಡಿಯಲ್ಲಿ ಹಸಿರೇ ಉಂಟು. ಮಡಲು ಕೈಗೆ ಸಿಗ್ಲಿಲ್ಲ, ಕಾಯಿ ಕೀಳಲು ಬರುವವನ ಹತ್ತಿರ ತೆಗೆಸ್ತೇನೆ. ಮಲ್ಲಿಗೆ ಹಳದಿ ಆಗಿರುವುದು ಹೊಸ ಚಿಗುರು. ನರ ಹಸಿರು, ಮಧ್ಯ ಹಳದಿ, ತೀರಾ ಎಳೆ ಎಲೆ ಬೆಳ್ಳಗೇ ಉಂಟು. ಕೆಳಗಿನ ಎಲೆ ಚಂದ ಉಂಟು. ಒಂದು ಮಾತು, ನಾಲ್ಕರಲ್ಲಿ ಹೀಗಾಗಿರುವುದು ಕಾಂಪೌಂಡ್ ಗೋಡೆ ಬದಿಯ ಮೂರು ಮಾತ್ರ.

ಬ್ರಹ್ಮಾವರದಿಂದ:
ಗೋಡೆ ಯಾವಾಗ ಕಟ್ಟಿದ್ದು?

ಕುಲಶೇಖರದಿಂದ:
ಹೋದ ವರ್ಷ.

ಬ್ರಹ್ಮಾವರದಿಂದ:
ಸಿಕ್ಕಿತು. ಮೇಸ್ತ್ರಿ ಉಳಿದ ಸಿಮೆಂಟು, ಗಾರೆ ಎಲ್ಲ ಅಲ್ಲೇ ಹೂತಿರ್ತಾನೆ. ನಮ್ಮ ಮುರಕಲ್ಲು ಮಣ್ಣು ಹುಳಿ ಅನ್ನುವುದು ಸರಿಯೇ. ಮಳೆಗಾಲದ ನಾಲ್ಕು ತಿಂಗಳಲ್ಲಿ 3,000 ಮಿ.ಮೀ.ಗೂ ಮೇಲೆ ಸುರಿದು ಸಾರವೆಲ್ಲ ತೊಳೆದು ಹೋಗ್ತದೆ, ಹಾಗಾಗಿ ಸುಣ್ಣ ಹಾಕುವ ಕ್ರಮ ಬಂದದ್ದು. ಆದರೆ ನಿಮ್ಮ ಗೋಡೆ ಬದಿಯಲ್ಲಿ ಆಗಿರುವುದು ಉಲ್ಟಾ. ಅಲ್ಲಿ ಸುಣ್ಣದಂಶ ಜಾಸ್ತಿಯಾಗಿ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕಬ್ಬಿಣ ಕಡಿಮೆಯಾದರೆ ಮೊದಲು ಹಳದಿ ಆಗುವುದು ಚಿಗುರು. ಇನ್ನೂ ಎರಡು ಗೆರಟೆ ಸುಣ್ಣ ಹಾಕಿದ್ದರೆ ಮೂರೂ ಗಿಡ ಹೋಗ್ತಿತ್ತು. ಬಿಕರ್ನಕಟ್ಟೆಯವರು ಬೇಸರ ಮಾಡ್ಬೇಡಿ.

ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕ ಸಾಲದು, ಹಟ್ಟಿಗೊಬ್ಬರ ಹಾಕಿ ಅಂತಿದ್ದೆ. ಹಳೆ ಎಲೆಯಲ್ಲೇ ನರ ಬಿಟ್ಟು ಮಧ್ಯ ಹಳದಿಯಾಗಿದ್ದರೆ ಮೆಗ್ನೀಶಿಯಂ. ನಿಮ್ಮದು ಎರಡೂ ಅಲ್ಲ. ಬುಡ ಅಗೆದು ಗಾರೆ ತುಂಡು ಹೆಕ್ಕಿ, ಒಳ್ಳೆ ಗೊಬ್ಬರ ಸೇರಿಸಿ. ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಲೀಟರಿಗೆ 5 ಗ್ರಾಂ ಕರಗಿಸಿ, ನಾಲ್ಕು ಹನಿ ಲಿಂಬೆ ಹಿಂಡಿ, ಸಂಜೆ ಎಲೆಗೆ ಹೊಡೀರಿ. ಮಾಡಿದ ದಿನವೇ ಮುಗಿಸ್ಬೇಕು, ಇಟ್ಟರೆ ತುಕ್ಕು ಬಣ್ಣಕ್ಕೆ ತಿರುಗ್ತದೆ. ಗೋಡೆಗೆ ತಾಗಿಸ್ಬೇಡಿ, ಕಲೆ ಹೋಗುವುದಿಲ್ಲ, ಮನೆಯವರು ಬೈತಾರೆ. ಸಂಶಯ ಇದ್ದರೆ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಗೋಡೆ ಬದಿಯ ಮಣ್ಣು, ನಡು ಅಂಗಳದ ಮಣ್ಣು ಬೇರೆ ಬೇರೆ ಕಟ್ಟಿ ತಗೊಂಡು ಹೋಗಿ.

ಶಂಕರಪುರದಿಂದ:
ನಮ್ಮದು ಮಲ್ಲಿಗೆ ಮನೆ. ಮಾಸ್ಟ್ರು ಹೇಳಿದ್ದು ಸರಿ. ಒಂದು ಸೇರಿಸ್ತೇನೆ, ಮಳೆಗಾಲದಲ್ಲಿ ಮಲ್ಲಿಗೆಗೆ ಕಂದು ಚುಕ್ಕೆ ಬಂದು ಎಲೆ ಉದುರುವುದು ಬೇರೆ, ಅದು ಶಿಲೀಂಧ್ರ. ಅದಕ್ಕೆ ಮಳೆಗೆ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೀಬೇಕು. ಅಡಿಕೆಗೆ ಮಾಡುವುದೇ, ಲೀಟರಿಗೆ 10 ಗ್ರಾಂ ಮೈಲುತುತ್ತು, 10 ಗ್ರಾಂ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಬಾಲ್ದಿಯಲ್ಲಿ ಕರಗಿಸಿ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕತ್ತಿ ಅದ್ದಿ ನೋಡಿ, ತುದಿ ತಾಮ್ರದ ಬಣ್ಣಕ್ಕೆ ಬಂದರೆ ಸುಣ್ಣ ಸಾಲದು. ಒಂದು ವರ್ಷ ನಾನು ಹಳೆ ಸುಣ್ಣ ಹಾಕಿ, ಕತ್ತಿ ಅದ್ದದೆ ಹೊಡೆದೆ. ಮರುದಿನ ಚಿಗುರೆಲ್ಲ ಸುಟ್ಟ ಹಾಗೆ ಮುರುಟಿತು. ಆ ಸಲ ಒಂದು ಚೆಂಡು ಕಟ್ಟುವಷ್ಟೂ ಹೂ ಸಿಗ್ಲಿಲ್ಲ.

ಕಟಪಾಡಿಯಿಂದ:
ಬಸಳೆ ಬಗ್ಗೆ ಯಾರೂ ಹೇಳ್ಲಿಲ್ಲ. ಬೊಟ್ಟಿನ ನಡು ಬೆಳ್ಳಗೆ, ಸುತ್ತ ಕೆಂಪು ಉಂಗುರ, ಹಕ್ಕಿ ಕಣ್ಣಿನ ಹಾಗೆ ಉಂಟಾ? ಅದೂ ಶಿಲೀಂಧ್ರವೇ. ಪೈಪು ಹಿಡಿದು ಸಂಜೆ ಚಪ್ಪರದ ಮೇಲಿಂದ ನೀರು ಬಿಡ್ತೀರಿ ಅಂತ ಕಾಣ್ತದೆ. ಎಲೆ ಇಡೀ ರಾತ್ರಿ ಒದ್ದೆ ಇರ್ತದೆ. ಬುಡಕ್ಕೆ ಮಾತ್ರ, ಬೆಳಿಗ್ಗೆ ಬಿಡಿ. ಬೊಟ್ಟಿನ ಎಲೆ ಕೊಯ್ದು ಸುಡಿ, ಬುಡದಲ್ಲಿ ಹಾಕ್ಬೇಡಿ. ದಂಟು ಒತ್ತಾಗಿದ್ದರೆ ಕೊಯ್ದು ಮರುವಾಯಿ (ಚಿಪ್ಪುಮೀನು) ಹಾಕಿ ಪದಾರ್ಥ ಮಾಡಿ, ಗಾಳಿಯೂ ಆಡ್ತದೆ, ಊಟವೂ ಆಗ್ತದೆ. ಆದರೆ ಆ ಬಾಟ್ಲಿ ಬಸಳೆಗೂ ಹೊಡೆದಿದ್ದೀರಾ? ಹಾಗಿದ್ದರೆ ಲೇಬಲಿನಲ್ಲಿ ಎಷ್ಟು ದಿನ ಕೊಯ್ಯಬಾರದು ಅಂತ ಬರೆದಿರ್ತದೆ, ಅದನ್ನು ಓದಿ. ತಿನ್ನುವ ಸೊಪ್ಪಿಗೆ ಹೊಡೀಲಿಕ್ಕಿಲ್ಲ ಅಂತ ಇದ್ದರೆ ಈ ಸಲದ್ದು ಎಲ್ಲ ಕೊಯ್ದು ಬಿಸಾಡಿ, ಹೊಸ ಚಿಗುರಿಗೆ ಕಾಯಿರಿ.

ಸೋಮೇಶ್ವರದಿಂದ:
ಕುಲಶೇಖರಕ್ಕೆ ಇದು ಬೇಡ, ಆದರೆ ಸಮುದ್ರ ಬದಿಯವರು ಓದಿ. ನಮ್ಮಲ್ಲಿ ಎಲೆ ಅಂಚು ಮಾತ್ರ ಕಾಗದ ಸುಟ್ಟ ಹಾಗೆ ಆಗ್ತದೆ, ಅದೂ ಕಡಲಿನ ಕಡೆಯ ಮಗ್ಗುಲಿಗೆ. ಉಪ್ಪುಗಾಳಿ ಅದು. ಎರಡು ವರ್ಷ ಔಷಧಿ ಹೊಡೆದೆ ಮಾರಾಯ್ರೆ! ಈಗ ಗಾಳಿ ಜೋರಿದ್ದ ದಿನ ಸಿಹಿನೀರಲ್ಲಿ ಎಲೆ ತೊಳೀತೇನೆ, ಅಷ್ಟೇ. ಏಪ್ರಿಲ್ ನಂತರ ಬಾವಿನೀರು ಚೂರು ಉಪ್ಪಾದರೆ ಅದನ್ನು ಹಾಕ್ಲಿಕ್ಕಿಲ್ಲ.

ಕುಲಶೇಖರದಿಂದ, ಮೂರು ವಾರದ ನಂತರ:
ಗೋಡೆ ಬುಡದಲ್ಲಿ ಒಂದೂವರೆ ಬುಟ್ಟಿ ಗಾರೆ ಸಿಕ್ಕಿತು, ಒಂದು ಹಳೆ ಕರಣೆಯೂ. ಅನ್ನಭೇದಿ ಎರಡು ಸಲ ಹೊಡೆದೆ, ಹೊಸ ಚಿಗುರು ಹಸಿರು ಬರ್ತಾ ಉಂಟು. ಗೋಡೆಗೂ ತಾಗಿತು, ಬೈಗುಳವೂ ಆಯ್ತು. ದಾಸವಾಳದ ಕಪ್ಪು ಮೈದಾ ನೀರಿಗೆ ನಿಜವಾಗಿ ಹಪ್ಪಳದ ಹಾಗೆಯೇ ಎದ್ದಿತು. ಬಸಳೆಗೂ ಹೊಡೆದಿದ್ದೆ, ಲೇಬಲ್ ನೋಡಿ ಇದ್ದದ್ದೆಲ್ಲ ಕೊಯ್ದು ಬಿಸಾಡಿದೆ.

ಬೇವಿನ ಗಿಡದ ಕಳ್ಳನೂ ಸಿಕ್ಕಿದ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತ ಕಡ್ಡಿಯಲ್ಲಿ ತಳ್ಳಿದೆ, ಅದು ತಲೆ ಎತ್ತಿ ಕೆಂಪು ಕೊಂಬು ಹೊರಗೆ ಹಾಕಿತು, ಒಂದು ಥರ ಹುಳಿ ವಾಸನೆ. ಚಿಟ್ಟೆಯ ಹುಳ ಅಂತ ಮಗಳು ಹೇಳಿದಳು. ಒಟ್ಟು ಏಳು ಇದ್ದವು. ಐದನ್ನು ಹಿತ್ತಿಲಿನ ಲಿಂಬೆ ಗಿಡಕ್ಕೆ ಸಾಗಿಸಿದೆ, ಅದರ ಎಲೆಯೂ ಅವಕ್ಕೆ ಆಗ್ತದಂತೆ. ಎರಡನ್ನು ಅವಳು ಬಿಡ್ಲಿಲ್ಲ, ಬೇವಿನ ಒಂದು ಗೆಲ್ಲು ಅವಕ್ಕೆ ಬಿಟ್ಟುಕೊಟ್ಟಾಗಿದೆ. ಒಗ್ಗರಣೆಗೆ ಸದ್ಯ ಆಚೆಮನೆ ಬೇವು.