ದೀರ್ಘಕಾಲ ನಿಂತಿದ್ದ ಪ್ರೀಮಿಯರ್ ಪದ್ಮಿನಿ: ಎಂಜಿನ್ ಸ್ಟಾರ್ಟ್ ಆಗುತ್ತದೆ, ಏರು ಬಂದರೆ ಪೆಟ್ರೋಲ್ ಸಾಲುವುದಿಲ್ಲ

ಪ್ರಶ್ನೆ

ಮಾನ್ಯರೆ, ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಮಲೆನಾಡಿನ ಸಾಗರ ಪಟ್ಟಣದ ಬಳಿಯ ನಮ್ಮ ಮನೆಯ ಷೆಡ್ಡಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ನಿಂತೇ ಇತ್ತು. ಅದನ್ನು ಮತ್ತೆ ಓಡಿಸಬೇಕೆಂದು ಬ್ಯಾಟರಿ, ಪ್ಲಗ್, ಪಾಯಿಂಟ್ ಹಾಗೂ ಎಂಜಿನ್ ಆಯಿಲ್ ಬದಲಾಯಿಸಿ, ಕಾರ್ಬೊರೇಟರನ್ನು ಬಿಚ್ಚಿ ತೊಳೆದು, ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲನ್ನು ತೆಗೆದು ಹೊಸದನ್ನು ಹಾಕಿದ್ದೇವೆ. ಬೆಳಿಗ್ಗೆ ಚೋಕ್ ಎಳೆದು ತುಸು ಹೊತ್ತು ಸೆಲ್ಫ್ ಹೊಡೆದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ನಿಂತಲ್ಲೇ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಆದರೆ ರಸ್ತೆಗೆ ಇಳಿಸಿ ಎರಡು ಮೂರು ಕಿಲೋಮೀಟರ್ ಹೋದಮೇಲೆ, ಅದರಲ್ಲೂ ಏರು ಸಿಕ್ಕಿದರೆ, ಜಗ್ಗುತ್ತಾ ಜಗ್ಗುತ್ತಾ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಒಬ್ಬ ಮೆಕ್ಯಾನಿಕ್ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿಸಿ ಎಂದರೆ, ಇನ್ನೊಬ್ಬರು ಇದು ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟುವುದು), ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಎನ್ನುತ್ತಾರೆ. ಎಲ್ಲಿಯೂ ಒಂದು ಹನಿ ಸೋರಿಕೆ ಕಾಣುವುದಿಲ್ಲ. ಯಾವುದರಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ

ನಮಸ್ಕಾರ. ಹೊಸ ಭಾಗಗಳನ್ನು ಕೊಳ್ಳುವ ಮೊದಲು ದೋಷ ಪಂಪಿನ ಯಾವ ಬದಿಯಲ್ಲಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಇದಕ್ಕೆ ತಗಲುವ ಖರ್ಚು ಒಂದು ಮೀಟರ್ ಹೊಸ ಪೆಟ್ರೋಲ್ ಪೈಪು ಮತ್ತು ಒಂದು ಚಿಕ್ಕ ಕ್ಯಾನು, ಅಷ್ಟೆ.

ನೀವು ಬರೆದಿರುವ ಲಕ್ಷಣಗಳಲ್ಲಿಯೇ ಬಹುಪಾಲು ಉತ್ತರವಿದೆ. ನಿಂತಲ್ಲಿ ಓಡುವ ಎಂಜಿನ್ನಿಗೆ ಬೇಕಾಗುವ ಪೆಟ್ರೋಲ್ ಬಹಳ ಕಡಿಮೆ. ಅರ್ಧ ಕಟ್ಟಿಕೊಂಡಿರುವ ಪೈಪು ಕೂಡ ಅಷ್ಟನ್ನು ಒದಗಿಸಬಲ್ಲದು. ಏರು ಹತ್ತುವಾಗ ಕಾರ್ಬೊರೇಟರಿನ ಫ್ಲೋಟ್ ಚೇಂಬರಿಗೆ (ಪೆಟ್ರೋಲ್ ತುಂಬಿ ನಿಲ್ಲುವ ಚಿಕ್ಕ ಬಟ್ಟಲಿಗೆ) ಬರುವುದಕ್ಕಿಂತ ಖರ್ಚಾಗುವುದು ಹೆಚ್ಚಾಗಿ, ಚೇಂಬರಿನ ಮಟ್ಟ ಇಳಿಯುತ್ತಾ ಹೋಗಿ ಎಂಜಿನ್ ಜಗ್ಗತೊಡಗುತ್ತದೆ. ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಇನ್ನೂ ಮುಖ್ಯವಾದದ್ದು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿದ್ದರೆ ಒಳಗೆ ನಿರ್ವಾತ ಬೆಳೆದು ಪಂಪಿಗೆ ಎಳೆಯಲಾಗುವುದಿಲ್ಲ, ಬಿಟ್ಟಾಗ ಅದು ನಿಧಾನವಾಗಿ ಸಡಿಲಗೊಳ್ಳುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲ್ ಎಳೆಯುವ ಕೊಳವೆಯ ತುದಿಯ ಜಾಲರಿಗೆ ತುಕ್ಕಿನ ಪುಡಿ ಅಂಟಿಕೊಂಡಿದ್ದರೂ ಹೀಗೆಯೇ ಆಗುತ್ತದೆ: ಎಳೆತ ನಿಂತ ಕೂಡಲೇ ಪುಡಿ ಕೆಳಗೆ ಬೀಳುತ್ತದೆ, ಹೊರಟಮೇಲೆ ಮತ್ತೆ ಬಂದು ಕೂರುತ್ತದೆ.

ಆದ್ದರಿಂದ ಮೊದಲು ಮುಚ್ಚಳವನ್ನು ಸಡಿಲವಾಗಿ ಇಟ್ಟು, ಟ್ಯಾಂಕು ಅರ್ಧಕ್ಕಿಂತ ಕಡಿಮೆ ಇರುವಾಗ, ಅದೇ ಏರಿನಲ್ಲಿ ಓಡಿಸಿ ನೋಡಿ. ಆಗ ಕಾರು ನಿಲ್ಲದೆ ಹತ್ತಿದರೆ, ಇಲ್ಲವೇ ಮುಚ್ಚಳ ಬಿಗಿದಿದ್ದಾಗ ಕಾರು ನಿಂತ ಗಳಿಗೆಯಲ್ಲಿ ಅದನ್ನು ತೆರೆದಾಗ ಸುಯ್ಯೆಂದು ಗಾಳಿ ಒಳನುಗ್ಗುವ ಸದ್ದು ಕೇಳಿದರೆ ರೋಗ ಸಿಕ್ಕಿದಂತೆಯೇ.

ಅದರಿಂದ ಫಲ ಕಾಣದಿದ್ದರೆ, ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನು ಪಂಪಿನ ಬಳಿ ಕಳಚಿ, ಅದರ ಬಾಯಿಗೆ ಬಿರಡೆ ಹಾಕಿ, ಪಂಪಿಗೆ ಹೊಸ ಪೈಪು ಜೋಡಿಸಿ ಕ್ಯಾನಿನಲ್ಲಿರುವ ಶುದ್ಧ ಪೆಟ್ರೋಲಿಗೆ ಇಳಿಬಿಡಿ. ಬಳಿಕ ಕಾರ್ಬೊರೇಟರಿನ ಬಳಿ ಪೈಪನ್ನು ಕಳಚಿ ಗಾಜಿನ ಬಾಟಲಿಗೆ ಬಿಟ್ಟು, ಇಗ್ನಿಷನ್ ಕಾಯಿಲಿನ ವೈರನ್ನು ತೆಗೆದಿಟ್ಟು ಸೆಲ್ಫ್ ಹೊಡೆಯಿರಿ. ಪ್ರತಿ ಬಡಿತಕ್ಕೂ ದಪ್ಪವಾಗಿ, ಒಂದೇ ಲಯದಲ್ಲಿ ಪೆಟ್ರೋಲ್ ಚಿಮ್ಮಿದರೆ ಪಂಪು ಆರೋಗ್ಯವಾಗಿದೆ, ದೋಷ ಹಿಂದಿನ, ಅಂದರೆ ಟ್ಯಾಂಕಿನ, ಬದಿಯಲ್ಲಿದೆ. ಇಲ್ಲಿಯೂ ಸೊರಗಿದ ಹನಿಗಳೇ ಬಂದರೆ ಮಾತ್ರ ಪಂಪನ್ನು ಬಿಚ್ಚಿ. ಪಂಪಿಗೆ ಕೈಲಿವರ್ ಇದ್ದು ಅದು ಸುಮ್ಮನೆ ಸಡಿಲವಾಗಿ ಆಡುತ್ತಿದ್ದರೆ ಪಂಪು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಪಂಪನ್ನು ಆಡಿಸುವ ಎಂಜಿನ್ನಿನೊಳಗಿನ ಉಬ್ಬು, ಅಂದರೆ ಕ್ಯಾಮ್, ಎತ್ತರದಲ್ಲಿ ನಿಂತಾಗ ಕೈಲಿವರಿಗೆ ಕೆಲಸವೇ ಉಳಿಯುವುದಿಲ್ಲ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ತೆಗೆದು ಮೂಸಿಯೂ ನೋಡಬೇಕು. ಪಂಪಿನೊಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಂ, ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲಿನ ಮಟ್ಟ ತಾನಾಗಿ ಏರಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಆ ಎಂಜಿನ್ನನ್ನು ಓಡಿಸಲೇಬಾರದು.

ಈ ಕೆಲಸವನ್ನೆಲ್ಲ ಬಯಲಿನಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದದ್ದರಿಂದ ಷೆಡ್ಡಿನ ಮೂಲೆಯಲ್ಲಿ, ಕಾರಿನ ಕೆಳಗಿನ ಗುಂಡಿಯಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಬಚ್ಚಲ ಒಲೆ ಹತ್ತಿರದಲ್ಲಿದ್ದರೆ ಅಪಾಯ ಊಹೆಗೆ ಮೀರಿದ್ದು.

ಎರಡನೆಯ ಉತ್ತರ

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೂ ವೇಪರ್ ಲಾಕನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಂಜಿನ್ನಿನ ಮೈಗೇ ಅಂಟಿಕೊಂಡಿರುವ ಪಂಪು ಬಿಸಿಯಾದಾಗ ಅದರೊಳಗಿನ ಪೆಟ್ರೋಲ್ ಆವಿಯಾಗುವುದು ಹೊಸ ಸಂಗತಿಯೇನಲ್ಲ. ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಬಳಿ ಹಾಕಿದರೆ ಈ ತಾಪತ್ರಯ ಒಮ್ಮೆಗೇ ತೀರುತ್ತದಲ್ಲವೆ?

ಮೊದಲ ಉತ್ತರ ಬರೆದವರಿಂದ

ತೀರಬಹುದು, ಆದರೆ ಮೂಲ ದೋಷ ಹಾಗೆಯೇ ಉಳಿಯುತ್ತದೆ. ಕಟ್ಟಿಕೊಂಡ ಜಾಲರಿಯನ್ನು ಇನ್ನಷ್ಟು ಬಲವಾಗಿ ಎಳೆಯುವ ಪಂಪು ಕೆಲವು ದಿನ ಸಮಾಧಾನ ಕೊಟ್ಟು, ಬಳಿಕ ತಾನೂ ಸುಡುತ್ತದೆ. ಒತ್ತಡದ ಪ್ರಶ್ನೆಯೂ ಇದೆ. ಈ ಕಾರ್ಬೊರೇಟರಿನ ಸೂಜಿ ವಾಲ್ವ್ ತಡೆದುಕೊಳ್ಳುವುದು ಸುಮಾರು 3–4 ಪಿ.ಎಸ್.ಐ. ಒತ್ತಡವನ್ನು, ಇಂಜೆಕ್ಷನ್ ಕಾರುಗಳ ಪಂಪು ಅದರ ಹತ್ತು ಪಟ್ಟಿಗಿಂತಲೂ ಹೆಚ್ಚು ಕೊಡುತ್ತದೆ. ಗುಜರಿಯಲ್ಲಿ ಸಿಕ್ಕಿತೆಂದು ಅದನ್ನು ತಂದು ಹಾಕಿದರೆ ಪೆಟ್ರೋಲ್ ಕಾರ್ಬೊರೇಟರಿನಿಂದ ಉಕ್ಕಿ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬೀಳುತ್ತದೆ. ವೇಪರ್ ಲಾಕ್ ಹೌದೋ ಅಲ್ಲವೋ ಎಂಬುದನ್ನು ಒಂದೇ ಪ್ರಶ್ನೆಯಿಂದ ತಿಳಿಯಬಹುದು: ತಣ್ಣನೆಯ ಮುಂಜಾನೆ, ಎಂಜಿನ್ ಇನ್ನೂ ಸರಿಯಾಗಿ ಕಾಯುವ ಮೊದಲೇ ಏರಿಗೆ ಹೋದರೂ ಕಾರು ನಿಲ್ಲುತ್ತದೆಯೇ?

ಪ್ರಶ್ನೆ ಕೇಳಿದವರಿಂದ

ಹೌದು, ಬೆಳಕು ಹರಿಯುವ ಹೊತ್ತಿಗೆ ಹೊರಟರೂ ಅದೇ ಏರಿನಲ್ಲಿ ನಿಂತಿತು. ಮುಚ್ಚಳ ಸಡಿಲಿಸಿದ್ದರಿಂದ ವ್ಯತ್ಯಾಸವಾಗಲಿಲ್ಲ. ಕ್ಯಾನಿನಿಂದ ಎಳೆಸಿದಾಗ ಬಾಟಲಿಗೆ ಪೆಟ್ರೋಲ್ ಚೆನ್ನಾಗಿ ಚಿಮ್ಮಿತು. ಟ್ಯಾಂಕಿನ ಪೈಪನ್ನು ಮರಳಿ ಜೋಡಿಸಿ ನೋಡಿದಾಗ ಧಾರೆ ತೆಳುವಾಯಿತು, ಜೊತೆಗೆ ಅದರಲ್ಲಿ ಗುಳ್ಳೆಗಳು ಬರುತ್ತಿದ್ದವು. ಸೋರಿಕೆ ಮಾತ್ರ ಈಗಲೂ ಇಲ್ಲ.

ಮೊದಲ ಉತ್ತರ ಬರೆದವರಿಂದ

ಹಾಗಿದ್ದರೆ ಪಂಪನ್ನು ಮುಟ್ಟುವ ಅಗತ್ಯವೇ ಇಲ್ಲ. ಪಂಪಿನ ಹಿಂದಿನ ಬದಿಯಲ್ಲಿ ನಡೆಯುವುದು ಎಳೆತ, ಒತ್ತಡವಲ್ಲ. ಎಳನೀರಿನ ಸ್ಟ್ರಾ ಸೀಳಿದ್ದರೆ ಅದರಿಂದ ನೀರು ಹೊರಗೆ ಸುರಿಯುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ. ಇಲ್ಲಿಯೂ ಹಾಗೆಯೇ, ಒಂದು ಹನಿಯೂ ಹೊರಬೀಳದೆ ಗಾಳಿ ಒಳಸೇರುತ್ತಿದೆ. ಟ್ಯಾಂಕಿಗೂ ಲೋಹದ ಕೊಳವೆಗೂ ನಡುವೆ, ಕೊಳವೆಗೂ ಪಂಪಿಗೂ ನಡುವೆ ಇರುವ ರಬ್ಬರ್ ತುಂಡುಗಳನ್ನು ಬಗ್ಗಿಸಿ ನೋಡಿ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಹಳೆಯ ರಬ್ಬರು ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕು ತೋರಿಸುತ್ತದೆ. ಒಳಗೋಡೆ ಎಥನಾಲಿಗೆ ಊದಿಕೊಂಡು ದಾರಿಯನ್ನೂ ಕಿರಿದು ಮಾಡಿರಬಹುದು. ಇಂಥ ತುಂಡುಗಳನ್ನು ಪರೀಕ್ಷಿಸುತ್ತಾ ಕೂರುವುದಕ್ಕಿಂತ ಎಲ್ಲವನ್ನೂ ಎಥನಾಲ್ ತಡೆಯುವ ಪೈಪಿನಿಂದ ಬದಲಾಯಿಸುವುದೇ ಲೇಸು. ಕ್ಲಿಪ್ಪುಗಳೂ ಹೊಸವಾಗಿರಲಿ.

ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಲೋಹದ ಕೊಳವೆಯೊಳಗೆ ಮುಂದಿನಿಂದ ಹಿಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ಊದಿ. ಟ್ಯಾಂಕಿನೊಳಗೆ ಗುಳುಗುಳು ಸದ್ದು ಸರಾಗವಾಗಿ ಕೇಳಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಜಾಲರಿ ಹರಿದೀತು. ಸದ್ದು ತಡೆತಡೆದು ಬಂದರೆ ಟ್ಯಾಂಕನ್ನು ಇಳಿಸಿ. ಮಲೆನಾಡಿನ ತೇವದಲ್ಲಿ ಅರ್ಧ ಖಾಲಿ ಟ್ಯಾಂಕು ಇಷ್ಟು ವರ್ಷ ನಿಂತರೆ ಒಳಗೆ ತುಕ್ಕು ಇರದೆ ಹೋಗುವುದಿಲ್ಲ. ರೇಡಿಯೇಟರ್ ರಿಪೇರಿಯವರು ಟ್ಯಾಂಕು ತೊಳೆದುಕೊಡುತ್ತಾರೆ. ಆದರೆ ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದು ಅವರಿಗೂ ನೆನಪಿರಲಿ. ಆವಿಯನ್ನು ಪೂರ್ತಿ ಹೊರಹಾಕದೆ ಬೆಸುಗೆಯ ಜ್ವಾಲೆ ಹತ್ತಿರ ಬರಕೂಡದು.

ಪ್ರಶ್ನೆ ಕೇಳಿದವರಿಂದ

ಟ್ಯಾಂಕಿನ ಬಳಿಯ ರಬ್ಬರ್ ತುಂಡು ಬಗ್ಗಿಸಿದ ಕೂಡಲೇ ಸುತ್ತಲೂ ಬಿರುಕು ಬಿಟ್ಟಿತು. ಟ್ಯಾಂಕನ್ನು ಇಳಿಸಿದಾಗ ಜಾಲರಿಯ ಮುಕ್ಕಾಲು ಭಾಗಕ್ಕೆ ಅರಗಿನಂಥ ಕಂದು ಪದರ ಮೆತ್ತಿಕೊಂಡಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ಕಾರು ಅದೇ ಏರನ್ನು ಮೂರನೆಯ ಗೇರಿನಲ್ಲಿ ನಿಲ್ಲದೆ ಹತ್ತಿತು. ಇನ್ನೊಂದು ಸಂದೇಹ: ಫಿಲ್ಟರನ್ನು ಪಂಪಿನ ಮುಂದೆ ಹಾಕಬೇಕೋ, ಹಿಂದೆ ಹಾಕಬೇಕೋ?

ಮೊದಲ ಉತ್ತರ ಬರೆದವರಿಂದ

ಟ್ಯಾಂಕಿಗೂ ಪಂಪಿಗೂ ನಡುವೆ, ಒಳಗಿನದು ಕಾಣುವಂಥ ಪಾರದರ್ಶಕ ಫಿಲ್ಟರನ್ನು ಬಾಣದ ಗುರುತು ಪಂಪಿನ ಕಡೆಗಿರುವಂತೆ ಹಾಕಿ. ಕಾರ್ಬೊರೇಟರಿನ ಬದಿಯಲ್ಲಿ ಹಾಕಿದರೆ ಪುಡಿ ಪಂಪಿನ ಕವಾಟಗಳನ್ನು ದಾಟಿಯೇ ಬರಬೇಕಾಗುತ್ತದೆ. ಕವಾಟದಡಿ ಒಂದು ಕಣ ಸಿಕ್ಕಿಕೊಂಡರೂ ಪಂಪು ಎಳೆಯುವುದನ್ನು ಬಿಡುತ್ತದೆ. ಎಗ್ಸಾಸ್ಟ್ ಪೈಪಿನಿಂದ ದೂರವಿಡಿ. ತೊಳೆದ ಟ್ಯಾಂಕು ಮೊದಮೊದಲು ಇನ್ನೂ ಸ್ವಲ್ಪ ತುಕ್ಕು ಬಿಡುವುದರಿಂದ ಮೊದಲ ಫಿಲ್ಟರ್ ಬೇಗನೆ ಕೆಂಪಾಗುತ್ತದೆ, ಬದಲಿಗೆ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಿ. ಪಂಪಿನ ಡಯಾಫ್ರಂ ಈಗ ಸರಿಯಿದ್ದರೂ ಅದೂ ಹಳೆಯ ರಬ್ಬರೇ; ಎಥನಾಲ್ ತಡೆಯುವ ಕಿಟ್ ಸಿಕ್ಕಿದಾಗ ಹಾಕಿಸಿ, ಅಲ್ಲಿಯವರೆಗೆ ಡಿಪ್‌ಸ್ಟಿಕ್ ಮೂಸುವುದನ್ನು ಬಿಡಬೇಡಿ.