ಸೋತು ಕೂತ ಹುಡುಗನಿಗೆ ಯಾವ ಪುಸ್ತಕ ಕೊಡಲಿ?

ನಮ್ಮಕ್ಕನ ಮಗ ಡಿಗ್ರಿ ಮುಗಿಸಿದಾಗಿನಿಂದ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಸರ್ಕಾರಿ ಕೆಲಸಗಳಿಗೆ ಅರ್ಜಿ ಹಾಕ್ತಾನೇ ಇದ್ದಾನೆ. ಒಂದು ಪರೀಕ್ಷೆ ಮುಂದಕ್ಕೆ ಹೋಯ್ತು, ಇನ್ನೊಂದು ಕೂದಲೆಳೆಯಲ್ಲಿ ತಪ್ಪಿಹೋಯ್ತು. ಈಗ ಮಾತು ಕಮ್ಮಿ, ಊಟಕ್ಕೆ ಕರೆದರೂ ಕೋಣೆಯಿಂದ ಆಚೆ ಬರಲ್ಲ. ಇತ್ತೀಚೆಗೆ ನೀವು ಓದಿದ, ಮನಸ್ಸಿಗೆ ಚೂರು ಚೈತನ್ಯ ಕೊಟ್ಟ ಕನ್ನಡ ಪುಸ್ತಕ ಇದ್ದರೆ ಹೇಳಿ. ಯಶಸ್ಸಿನ ಸೂತ್ರಗಳ ಪುಸ್ತಕಗಳು ಮನೆಯಲ್ಲಿ ಆಗಲೇ ರಾಶಿ ಬಿದ್ದಿವೆ, ಅವು ಬೇಡ.

ಬೆಂಗಳೂರಿನಿಂದ:
ನಾನು ಫಿಸಿಕ್ಸ್ ಹೇಳಿಕೊಟ್ಟು ನಿವೃತ್ತನಾದವನು, ಹಾಗಾಗಿ ಪಕ್ಷಪಾತ ಇದ್ದೇ ಇರುತ್ತೆ. ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ ಕೊಡಿ, ತಾಯಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮನೆ ಹುಡುಗ. ಬಸ್ಸಿಗೆ ದುಡ್ಡಿಲ್ಲದೆ ಎರಡು ದಿನ ನಡೆದು ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿಗೆ ಹೆಸರು ಹಚ್ಚಿದ್ದು ಎಲ್ಲರಿಗೂ ಗೊತ್ತಿರೋ ಕಥೆ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದೂ ಇದೇ ಹುಡುಗ.

ಆದರೆ ನಿಮ್ಮ ಹುಡುಗನಿಗೆ ಬೇಕಾದ್ದು ಅದಲ್ಲ, ಅದರ ಮುಂದಿನದ್ದು. 1942ರ ಚಳವಳಿಗೆ ಅಂತ ಓದು ಬಿಟ್ಟರು, ಜೈಲಿಗೆ ಹೋದರು, ಹೊರಗೆ ಬಂದು ಮತ್ತೆ ಕಾಲೇಜಿನ ಬೆಂಚಿನ ಮೇಲೆ ಕೂತರು. ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯಿಂದ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ತಗೊಂಡಿದ್ದು 1960ರಲ್ಲಿ. ಹುಟ್ಟಿದ್ದು 1920, ಲೆಕ್ಕ ನೀವೇ ಹಾಕಿ. ‘ವಯಸ್ಸು ಮೀರ್ತಾ ಇದೆ’ ಅಂತ ಒದ್ದಾಡೋ ಹುಡುಗರಿಗೆ ನಾನು ಇದನ್ನೇ ತೋರಿಸೋದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣ ಬಂತು. ಇದ್ದಿದ್ದು ಮಾತ್ರ ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಮೈಮೇಲೆ ಖಾದಿ, ತಲೆಗೆ ಗಾಂಧಿ ಟೋಪಿ. ಅಂಥವರನ್ನು ಈಗ ಎಲ್ಲಿ ಹುಡುಕೋಣ ಬಿಡಿ.

ಧಾರವಾಡ, ಸಪ್ತಾಪುರದಿಂದ:
ಅಕ್ಕಾರ, ನಾನೂ ಅದs ಪರೀಕ್ಷಾ ಬರಿಯಾಂವ. ಇಲ್ಲೇ ರೂಮ್ ಮಾಡ್ಕೊಂಡು ಕೋಚಿಂಗ್‌ಗೆ ಹೊಂಟೀನಿ. ಸರ್ ಹೇಳಿದ್ದು ಭಾಳ ದೊಡ್ಡ ಪುಸ್ತಕ, ಇಲ್ಲ ಅನ್ನಂಗಿಲ್ಲ. ಆದ್ರ ಸೋತು ಕುಂತಾಂವನ ಕೈಯಾಗ ಅದನ್ನ ಮೊದಲs ಕೊಡಬ್ಯಾಡ್ರಿ. ಓದೂ ಮುಂದ ನನಗ ನಮ್ಮಪ್ಪನ ದನೀನs ಕೇಳಸ್ತಿತ್ತು: ‘ಅವರು ನಡಕೊಂಡು ಹೋಗಿ ಕಲ್ತಾರ, ನೀ ಫ್ಯಾನ್ ಕೆಳಗ ಕುಂತು ಪಾಸಾಗವಲ್ಲಿ.’

ನನ್ನನ್ನ ಎಬ್ಬಿಸಿದ್ದು ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಶುರುವಿನಾಗ ಒಂದು ಚಿತ್ರ ಬರತೈತಿ. ಐನೋರ ಹೊಲದಾಗ ಇಬ್ಬರು ಮನಷ್ಯಾರು ಎತ್ತಿನಂಗ ನೊಗಕ್ಕ ಹೆಗಲು ಕೊಟ್ಟಾರ, ಹಿಂದ ಇನ್ನೊಬ್ಬ ನೇಗಿಲು ಹಿಡದಾನ. ಆ ಇಬ್ಬರಾಗ ಒಬ್ಬರು ಇವರ ಅಪ್ಪ. ಇಷ್ಟು ಓದಿದ್ರ ಮುಂದೆಲ್ಲಾ ಅಳೂದs ಇರಬೇಕು ಅನ್ನಸ್ತದ. ಇಲ್ಲರಿ! ಹಾಸ್ಟೆಲ್ಲು, ಹಸಿವು, ಬೆಂಗಳೂರಿನ ಶ್ರೀರಾಂಪುರದ ಗಲ್ಲಿ, ಚಳವಳಿ, ಎಲ್ಲಾನೂ ನಗಸ್ಕೋತ ಹೇಳ್ತಾರ. ಓದಾಕ ಸ್ಮಶಾನಕ್ಕ ಹೋಗಿ ಕುಂದ್ರೂ ಹುಡುಗ ಅಂವ! ರಾತ್ರಿ ಒಬ್ಬನs ನಗೂದ ಕೇಳಿ ನನ್ನ ರೂಮ್‌ಮೇಟ್ ಎದ್ದು ‘ರಿಸಲ್ಟ್ ಬಂತೇನು?’ ಅಂದ. ಯಾರೂ ಹೆಗಲ ಮ್ಯಾಲ ಕೈ ಇಟ್ಟು ‘ಧೈರ್ಯ ತಗೋ’ ಅನ್ನೂದಿಲ್ಲ ಅದರಾಗ. ಅದs ಛಲೋ ಅನ್ನಿಸ್ತು. ಸಣ್ಣ ಪುಸ್ತಕ, ಎರಡು ಸಲ ಕುಂತ್ರ ಮುಗೀತದ. ಹಿಡಿಸಿದ್ರ ಎರಡನೇ, ಮೂರನೇ ಭಾಗಾನೂ ಅದಾವ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಆ ಹುಡುಗ 2015ರಾಗ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷ ಆಗಿದ್ದ ನೋಡ್ರಿ.

ಮೈಸೂರಿನಿಂದ:
ನೇಮಿಚಂದ್ರರ ‘ಬದುಕು ಬದಲಿಸಬಹುದು’. ಬಿಡಿ ಬಿಡಿ ಬರಹಗಳು, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಒಂದೇ ಸಲ ಪೂರ್ತಿ ಓದಿದರೆ ಉಪದೇಶ ಜಾಸ್ತಿ ಅನ್ನಿಸೀತು, ದಿನಕ್ಕೊಂದರಂತೆ ಸರಿ.

ದಾವಣಗೆರೆಯಿಂದ:
ಎಲ್ಲರೂ ಹುಡುಗನ ಬಗ್ಗೆಯೇ ಹೇಳ್ತಿದ್ದೀರಿ. ಅವನ ಕೋಣೆ ಬಾಗಿಲಿಗೆ ತಟ್ಟೆ ಹಿಡಿದು ನಿಲ್ಲೋ ಅಕ್ಕನ ಗತಿ ಏನು? ವಿಜಯಮ್ಮನವರ ‘ಕುದಿ ಎಸರು’ ಅವರಿಗೆ ಕೊಡಿ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿರೋ ಆತ್ಮಕಥೆ. ಮೊದಲೇ ಹೇಳಿಬಿಡ್ತೀನಿ, ಹಗುರ ಓದಲ್ಲ. ಗಂಡನ ಮನೆಯ ಹಿಂಸೆಯನ್ನ ಅವರು ಎಲ್ಲೂ ಸೆರಗಿನಲ್ಲಿ ಮುಚ್ಚಿಲ್ಲ. ನಾನು ನಡುನಡುವೆ ಮಡಚಿಟ್ಟು ಎದ್ದು ಹೋಗಿದ್ದೀನಿ. ಅಷ್ಟರ ಮಧ್ಯೆಯೇ ಆ ಹೆಂಗಸು ಪತ್ರಿಕೆ, ಬೀದಿ ನಾಟಕ ಅಂತ ತನ್ನದೊಂದು ಬದುಕು ಕಟ್ಟಿಕೊಂಡರಲ್ಲ, ಅದನ್ನ ಓದಿದ ಮೇಲೆ ನಾನು ಬಿಟ್ಟಿದ್ದ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟೆ. ಹುಡುಗನಿಗೆ ಮಾತ್ರ ಈಗ ಬೇಡ, ಭಾರ ಆಗುತ್ತೆ.

ಶಿರಸಿಯಿಂದ:
ನನ್ನದು ಸ್ವಲ್ಪ ಅಡ್ಡದಾರಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸ್ಫೂರ್ತಿಗೆ ಅಂತ ಬರೆದ ಪುಸ್ತಕವೇ ಅಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾರೆ. ಹುಡುಗರ ತಂಟೆ, ಮೇಷ್ಟ್ರ ಕೊಂಕು, ನಡುನಡುವೆ ಗಿಡಗಳ ಪುರಾಣ, ಜೊತೆಗೆ ಅವರೇ ಬರೆದ ಚಿತ್ರಗಳು. 1978ರಲ್ಲಿ ಇದಕ್ಕೂ ಕೇಂದ್ರ ಅಕಾಡೆಮಿ ಪ್ರಶಸ್ತಿ ಬಂದಿದೆ. ನಮ್ಮ ಮನೆಯಲ್ಲೂ ಹೀಗೇ ಒಬ್ಬ ಮುಸುಕು ಹೊದ್ದು ಮಲಗಿದ್ದ. ಇದನ್ನು ಓದುತ್ತಾ ಓದುತ್ತಾ ಬೆಟ್ಟಕ್ಕೆ ಹೋಗಿ ಎಲೆ ಕಿತ್ತು ಜೇಬಿನಲ್ಲಿಟ್ಟುಕೊಂಡು ಬಂದು ‘ದೊಡ್ಡಪ್ಪಾ, ಇದು ಎಂಥದು?’ ಅಂತ ಕೇಳಲು ಶುರು ಮಾಡಿದ. ಕೆಲಸ ಸಿಕ್ಕಿತೋ ಎಂದರೆ ಇನ್ನೂ ಇಲ್ಲ. ಕೋಣೆ ಬಿಟ್ಟು ಹೊರಗೆ ಬಂದನಲ್ಲ, ನಮಗೆ ಅಷ್ಟು ಸಾಕಾಗಿತ್ತು.

ಇನ್ನೊಂದು ಮಾತು. ‘ಇದನ್ನ ಓದು, ನಿನಗೆ ಒಳ್ಳೇದಾಗ್ತದೆ’ ಅಂತ ಕೈಗೆ ಕೊಡಬೇಡಿ. ನೀವೇ ಅರ್ಧ ಓದಿ ಜಗುಲಿಯ ಮೇಲೆ ಬಿಟ್ಟು ಎದ್ದು ಬನ್ನಿ.

ಕೇಳಿದವರಿಂದ:
ಎಲ್ಲರಿಗೂ ನಮಸ್ಕಾರ. ಧಾರವಾಡದ ತಮ್ಮಾ, ಮೊದಲು ‘ಊರುಕೇರಿ’ಯೇ. ಜಿಲ್ಲಾ ಗ್ರಂಥಾಲಯದಲ್ಲಿ ಇವತ್ತು ಸಿಕ್ಕಿತು, ನನ್ನ ಕಾರ್ಡಿನ ಮೇಲೆ ತಂದಿದ್ದೀನಿ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮ ಎಚ್ಚೆನ್ ಆಮೇಲೆ ಖಂಡಿತ. ‘ಕುದಿ ಎಸರು’ ಅಕ್ಕನಿಗೆ ಕೊಡೋ ಮುಂಚೆ ನಾನೇ ಓದ್ತೀನಿ. ‘ಹಸುರು ಹೊನ್ನು’ ಮಾತ್ರ ಅಲ್ಲಿ ಇರಲಿಲ್ಲ. ಯಾರ ಹತ್ತಿರವಾದರೂ ಹಳೇ ಪ್ರತಿ ಇದ್ದರೆ ತಿಳಿಸಿ, ಅಂಚೆ ಖರ್ಚು ನನ್ನದು.