ಹ್ಯಾಟ್‌ಶೆಪ್ಸುಟ್ ಹೆಸರು ಅಳಿಸಿದ್ದು ಯಾವಾಗ, ಯಾಕೆ? ಪ್ರದರ್ಶನ ಫಲಕಕ್ಕೆ ಬೇಕಿತ್ತು

ಸಾಗರದ ಮೇಷ್ಟ್ರು
ಪ್ರೌಢಶಾಲೆಯ ಇತಿಹಾಸ ಪ್ರದರ್ಶನಕ್ಕೆ ಕೆಳದಿ ಚೆನ್ನಮ್ಮ, ಪ್ರಾಚೀನ ಈಜಿಪ್ಟನ್ನು ಫೇರೋ (ದೊರೆ) ಆಗಿ ಆಳಿದ ರಾಣಿ ಹ್ಯಾಟ್‌ಶೆಪ್ಸುಟ್ ಇಬ್ಬರ ಫಲಕ ಅಕ್ಕಪಕ್ಕ ಹಾಕ್ತಿದ್ದೇವೆ. ಮಕ್ಕಳು ಬರೆದಿದ್ದು: ‘ಮಲಮಗ 3ನೇ ಥಟ್ಮೋಸ್ ಅಧಿಕಾರ ಸಿಕ್ಕ ಕೂಡಲೇ ದ್ವೇಷದಿಂದ ಅವಳ ಹೆಸರು ಅಳಿಸಿದ.’ ಇದು ಸರಿಯೇ? ಅಳಿಸಿದ ಮೇಲೂ ಅವಳದೇ ಹೆಸರು ಅಂತ ಗುರುತಿಸೋದು ಹೇಗೆ?

ಶಾಸನಾಸಕ್ತ, ಶಿಕಾರಿಪುರ
ಮೇಷ್ಟ್ರೇ, ‘ಕೂಡಲೇ’, ‘ದ್ವೇಷದಿಂದ’ ಎರಡನ್ನೂ ತೆಗೆಸಿ. ಅವಳು ತೀರಿಕೊಂಡಿದ್ದು ಕ್ರಿ.ಪೂ. 1458ರ ಸುಮಾರಿಗೆ. ಅಳಿಸುವ ಕೆಲಸ ಶುರುವಾಗಿದ್ದು ಥಟ್ಮೋಸನ ಆಳ್ವಿಕೆಯ 42ನೇ ವರ್ಷದ ಆಸುಪಾಸಿನಲ್ಲಿ, ಅಂದರೆ ಹೆಚ್ಚೂಕಡಿಮೆ 20 ವರ್ಷದ ನಂತರ. ಅದಕ್ಕೂ ಮೊದಲು, ಅಮುನ್ ದೇವರ ದೊಡ್ಡ ದೇವಾಲಯವಿರುವ ಕಾರ್ನಾಕ್‌ನಲ್ಲಿ ಅವಳು ಅರ್ಧಕ್ಕೆ ಬಿಟ್ಟಿದ್ದ ಕೆಂಪು ಗುಡಿಯ ಮೇಲಿನ ಸಾಲನ್ನು ಅವನೇ ಕೆತ್ತಿಸಿ ಮುಗಿಸಿದ್ದ. ಆಮೇಲೆ ಅದನ್ನೇ ಬಿಚ್ಚಿಸಿದ. ಮಗ 2ನೇ ಅಮೆನ್‌ಹೋಟೆಪ್‌ನ ಪಟ್ಟಕ್ಕೆ ತಕರಾರು ಬರಬಾರದು, ವಂಶದ ಸಾಲು ಗಂಡಸರಲ್ಲೇ ನೇರವಾಗಿ ಇಳಿದಂತೆ ಕಾಣಬೇಕು ಅನ್ನೋದೇ ಕಾರಣ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಒಪ್ಪುವಂಥದ್ದು.

ಗುರುತಿಸುವ ಬಗೆ: ಉಳಿಯಲ್ಲಿ ಹೊಡೆದವರು ಎಷ್ಟೋ ಕಡೆ ಆಕೃತಿಯ ಅಂಚು ಹಿಡಿದೇ ಹೊಡೆದಿದ್ದಾರೆ, ಹಾಗಾಗಿ ರಾಣಿಯ ನೆರಳಿನಾಕಾರ ಗೋಡೆಯಲ್ಲಿ ಉಳಿದಿದೆ. ಹೆಸರಿನ ಅಂಡಾಕಾರದ ಚೌಕಟ್ಟಿನೊಳಗೆ ಅವಳ ತಂದೆ 1ನೇ ಥಟ್ಮೋಸನ ಅಥವಾ ಗಂಡ 2ನೇ ಥಟ್ಮೋಸನ ಹೆಸರು ಹೊಸದಾಗಿ ಕೆತ್ತಿದ್ದರೂ ಪಕ್ಕದ ವಾಕ್ಯದಲ್ಲಿ ಸ್ತ್ರೀಲಿಂಗ ಪ್ರತ್ಯಯ ಹಾಗೇ ಬಿಟ್ಟುಹೋಗಿರುತ್ತದೆ. ಬೆಳಕು ಎದುರಿನಿಂದ ಬಿದ್ದರೆ ಏನೂ ಕಾಣಲ್ಲ. ಬಳ್ಳಿಗಾವಿಯ ಸವೆದ ಶಾಸನ ಓದುವಾಗ ಮಾಡುವಂತೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಓರೆಯಾಗಿ, ಪಕ್ಕದಿಂದ ಹಿಡಿಯಬೇಕು. ಹಳೆಯ ಗೆರೆಯ ತಳ ಆಗ ನೆರಳಾಗಿ ಏಳುತ್ತೆ.

ಒಂದು ಎಚ್ಚರ. ಅಮುನ್ ದೇವರ ಹೆಸರು ಮಾತ್ರ ಹೋಗಿ ರಾಣಿಯದು ಉಳಿದಿದ್ದರೆ ಅದು ಥಟ್ಮೋಸನ ಕೆಲಸವಲ್ಲ, ಮುಂದಿನ ಶತಮಾನದಲ್ಲಿ ಅಮುನ್ ಪೂಜೆಯನ್ನೇ ತಡೆದ ದೊರೆ ಅಖೆನಾಟನ್‌ನದು. ಫೋಟೋ ಆರಿಸುವಾಗ ಇದೇ ಜಾಸ್ತಿ ತಪ್ಪಾಗೋದು.

ಇಕ್ಕೇರಿ ದಾರಿ
ಒಡೆದ ಪ್ರತಿಮೆಗಳನ್ನೂ ದ್ವೇಷದ ಲೆಕ್ಕಕ್ಕೆ ಹಾಕಬೇಡಿ ಮಾರಾಯ್ರೆ. ಅವಳ ದೇವಾಲಯವಿರುವ ದೇರ್ ಎಲ್-ಬಹ್ರಿಯ ಗುಂಡಿಗಳಲ್ಲಿ 1920ರ ದಶಕದಲ್ಲಿ ಸಿಕ್ಕವುಗಳಲ್ಲಿ ಹಲವು ಕುತ್ತಿಗೆ, ಸೊಂಟ, ಮೊಣಕಾಲಿನಲ್ಲಿ ಮುರಿದಿವೆ, ಮುಖ ಬಹುಪಾಲು ಚೆನ್ನಾಗಿದೆ. ಪ್ರತಿಮೆಯ ಶಕ್ತಿ ತೆಗೆಯಲು ಬೇರೆ ಫೇರೋಗಳ ಪ್ರತಿಮೆಗಳನ್ನೂ ಹೀಗೇ ಮುರಿಯುತ್ತಿದ್ದರು ಎಂದು ಸಂಶೋಧಕ ಜುನ್ ಯಿ ವಾಂಗ್ 2025ರ ಲೇಖನದಲ್ಲಿ ತೋರಿಸಿದ್ದಾರೆ.

ಚೆನ್ನಮ್ಮನ ಹೋಲಿಕೆಯೂ ಪೂರ್ತಿ ಕೂರಲ್ಲ. ಚೆನ್ನಮ್ಮ ಗಂಡ ಸೋಮಶೇಖರ ನಾಯಕನ ನಂತರ ರಾಣಿಯಾಗಿಯೇ ಆಳಿ, ಬಸವಪ್ಪನನ್ನು ದತ್ತು ತಗೊಂಡರು. ಹ್ಯಾಟ್‌ಶೆಪ್ಸುಟ್ ಬಾಲರಾಜ 3ನೇ ಥಟ್ಮೋಸ್ ಪಟ್ಟದಲ್ಲಿದ್ದಾಗಲೇ, ಅವನ ಆಳ್ವಿಕೆಯ 7ನೇ ವರ್ಷದ ಹೊತ್ತಿಗೆ, ಫೇರೋ ಬಿರುದನ್ನೇ ಧರಿಸಿದಳು. ಅವನನ್ನು ಕೆಳಗಿಳಿಸಲಿಲ್ಲ.

ಸಾಗರದ ಮೇಷ್ಟ್ರು
ತುಂಬಾ ಉಪಕಾರ. ಒಂದೇ ಚಿತ್ರಕ್ಕೆ ಜಾಗ ಇದೆ. ಅವಳು ಪುಂಟ್ ದೇಶಕ್ಕೆ ಕಳಿಸಿದ ಯಾತ್ರೆಯ 5 ಹಡಗಿನ ಕೆತ್ತನೆ ಹಾಕಲೋ?

ಶಾಸನಾಸಕ್ತ, ಶಿಕಾರಿಪುರ
ಬುಟ್ಟಿಯಲ್ಲಿ ಬೇರುಸಮೇತ ಹೊತ್ತು ತಂದ ಧೂಪದ ಗಿಡಗಳ ಕೆತ್ತನೆ ನೋಡಿದರೆ ತೋಟದ ಮನೆ ಮಕ್ಕಳಿಗೆ ಖುಷಿಯಾಗುತ್ತೆ, ನಿಜ. ಆದರೆ ನಿಮ್ಮ ಪ್ರಶ್ನೆ ಅಳಿಸುವಿಕೆಯದ್ದು, ಅದಕ್ಕೆ ಕಾರ್ನಾಕ್‌ನ ಅವಳ ಒಬೆಲಿಸ್ಕ್ (ಚೂಪು ತುದಿಯ, ನಾಲ್ಕು ಮುಖದ ಕಲ್ಕಂಬ) ಹಾಕಿ. ಆಸ್ವಾನ್‌ನ ಒಂದೇ ಗ್ರಾನೈಟ್ ಕಲ್ಲು, ಎತ್ತರ ಸುಮಾರು 29 ಮೀಟರ್, ತೂಕ 300 ಟನ್‌ಗೂ ಮೇಲೆ. ಕಲ್ಲು ಬಿಡಿಸಿ ತರಲು 7 ತಿಂಗಳು ಹಿಡಿಯಿತು ಎಂದು ಬುಡದ ಶಾಸನವೇ ಹೇಳುತ್ತೆ. ಥಟ್ಮೋಸ್ ಇದನ್ನು ಕೆಡವಲಿಲ್ಲ, ಕೆಳಭಾಗಕ್ಕೆ ಸುತ್ತ ಗೋಡೆ ಕಟ್ಟಿಸಿ ಮುಚ್ಚಿದ. ಗೋಡೆಯ ಮರೆಯಲ್ಲಿದ್ದ ಅಕ್ಷರ ಹಾಗಾಗಿಯೇ ಉಳಿಯಿತು. ಚಿತ್ರದ ಕೆಳಗೆ ಇಷ್ಟು ಬರೆದರೆ ಸಾಕು.